ಹುಳುಹುಪ್ಪಟೆಗಳೂ ನಮ್ಮ ಅಡಿಗೆಮನೆಯೂ

ಸ್ಮರಣ ಸಂಚಿಕೆಗೆ ಮುಖ್ಯೋಪಾಧ್ಯಾಯಿನಿಯರು ಬರೆಯತಕ್ಕ ಲೇಖನವು ಸಾಮಾನ್ಯವಾಗಿ ಪರೀಕ್ಷೆಯ ಫಲಿತಾಂಶಗಳನ್ನೋ ಕಟ್ಟಡದ ನಿಧಿಯನ್ನೋ ಕುರಿತದ್ದಾಗಿರುತ್ತದೆ. ಅವೆರಡೂ ಈ ಸಂಚಿಕೆಯ ವರದಿಯಲ್ಲಿ ಬೇರೆಯಾಗಿ ಬಂದಿರುವುದರಿಂದ ನಾವು ಈ ಪುಟಗಳನ್ನು ಹುಳುಗಳಿಗೆ ಮೀಸಲಿಟ್ಟಿರುವೆವು. ಓದುವವರು ನಗಬಾರದು. ನಮ್ಮ ಹಳೆಯ ವಿದ್ಯಾರ್ಥಿನಿಯರು ಬರೆಯುವ ಕಾಗದಗಳಲ್ಲಿಯೂ, ಈಚೆಗೆ ಕಾಗದಕ್ಕೆ ಬದಲಾಗಿ ಕಳುಹಿಸುವ ಮೊಬೈಲ್ ಸಂದೇಶಗಳಲ್ಲಿಯೂ ಗಂಡಮಕ್ಕಳ ಕ್ಷೇಮಸಮಾಚಾರದ ಬೆನ್ನಿಗೇ ಬರುವ ಪ್ರಶ್ನೆಯು ಇದೇ. ಬೇಳೆಗೆ ಹುಳು ಬಿದ್ದಿದೆ; ಮಗಳ ತಲೆಯಲ್ಲಿ ಹೇನು ಕಂಡಿತು; ಮುಸ್ಸಂಜೆಯಾದರೆ ಜಗಲಿಯಲ್ಲಿ ಕುಳಿತುಕೊಳ್ಳಲಾಗದು. “ಬೋರ್ಡಿಂಗಿನ ಉಗ್ರಾಣದಲ್ಲಿ ಏನೋ ಬೆರಸಿ ಇಡುತ್ತಿದ್ದರಲ್ಲಾ ಟೀಚರ್, ಅದು ಯಾವುದು?” ಎಂದು ಮಸ್ಕತಿನಲ್ಲಿರುವ ಒಬ್ಬಾಕೆಯು ಕಳೆದ ವರ್ಷ ಕೇಳಿದ್ದಳು. ಆಕೆಗೆ ಎರಡು ಸಾಲಿನ ಉತ್ತರವನ್ನು ಕೊಟ್ಟೆವು. ಪೂರ್ತಿಯಾದ ಉತ್ತರವು ಇಲ್ಲಿರುತ್ತದೆ.

ಮೊದಲು ಒಂದು ಮಾತಿನ ತೊಡಕನ್ನು ಬಿಡಿಸಬೇಕು. ನಮ್ಮ ಬೋರ್ಡಿಂಗಿನಲ್ಲಿ ಕರಾವಳಿಯ ಹುಡುಗಿಯರೂ ಘಟ್ಟದ ಮೇಲಿನವರೂ ಒಂದೇ ಪಂಕ್ತಿಯಲ್ಲಿ ಉಣ್ಣುವರು. ‘ನುಸಿ’ ಎಂದರೆ ಕುಂದಾಪುರದ ಹುಡುಗಿಗೆ ಸೊಳ್ಳೆ. ಹಾಸನದ ಹುಡುಗಿಗೆ ಹಿಟ್ಟಿನಲ್ಲಿ ಹರಿದಾಡುವ ಹುಡಿಹುಳು. ಸತ್ಯವೇದವನ್ನು ತೆರೆದರೆ ಇಬ್ಬರಿಗೂ ಅದು ಮತ್ತಾಯನ ಸುವಾರ್ತೆಯ 6ನೆಯ ಅಧ್ಯಾಯದಲ್ಲಿ ಭೂಲೋಕದ ಗಂಟನ್ನು ಕೆಡಿಸುವ ಹುಳು. ಹೊಸದಾಗಿ ಬಂದ ಮಗುವೊಂದು “ರಾತ್ರಿಯೆಲ್ಲ ನುಸಿ ಕಚ್ಚಿತು” ಎಂದು ಅತ್ತಾಗ, ಹಾಸನದ ಗೆಳತಿಯು “ಹಿಟ್ಟಿನ ಹುಳು ಕಚ್ಚುವುದೆಲ್ಲಿ ಬಂತು?” ಎಂದು ಬೆರಗಾದದ್ದುಂಟು. ಹೆಸರು ಒಂದೇ ಆದರೂ ಪ್ರಾಣಿಗಳು ಬೇರೆ, ಮದ್ದೂ ಬೇರೆ. ಈ ಭೇದವನ್ನು ಅರಿಯದೆ, ಬೇಳೆಯ ಡಬ್ಬವನ್ನು ಕಾಯುವ ವಸ್ತುವೇ ಮಗುವನ್ನೂ ಕಾಯುವುದೆಂದು ನಂಬಿದ ಮನೆಗಳಲ್ಲಿ ಆದ ಕಷ್ಟವನ್ನು ನಾವು ಕಂಡಿರುವೆವು. ಅದನ್ನು ಮುಂದೆ ಹೇಳುವೆವು.

ಉಗ್ರಾಣದಿಂದಲೇ ಆರಂಭಿಸೋಣ. 2022ರ ಮಳೆಗಾಲದಲ್ಲಿ ಬೋರ್ಡಿಂಗಿನ ಅಕ್ಕಿಗೆ ಮೂತಿಹುಳು ಹತ್ತಿತ್ತು. ಆಗ ಹೆತ್ತವರೊಬ್ಬರು ಸದ್ಭಾವನೆಯಿಂದಲೇ ಕೆಲವು ಮಾತ್ರೆಗಳನ್ನು ತಂದುಕೊಟ್ಟು, “ಚೀಲದ ನಡುವೆ ಇಟ್ಟರೆ ಮೂರೇ ದಿನಗಳಲ್ಲಿ ಒಂದು ಹುಳುವೂ ಉಳಿಯದು” ಎಂದರು. ಅವರು ಹೇಳಿದ್ದು ಸುಳ್ಳಲ್ಲ. ಅವು ಅಲ್ಯೂಮಿನಿಯಂ ಫಾಸ್ಫೈಡಿನ ಮಾತ್ರೆಗಳು. ಗಾಳಿಯ ತೇವವು ತಗುಲಿದೊಡನೆ ಅವುಗಳಿಂದ ಫಾಸ್ಫೀನ್ ಎಂಬ ವಿಷವಾಯು ಹೊರಡುತ್ತದೆ. ಅದು ಗಾಳಿಗಿಂತ ಭಾರವಾದದ್ದು, ನೆಲದ ಮಟ್ಟದಲ್ಲಿ ಹರಡುವಂಥದು. ಅದಕ್ಕೆ ಪ್ರತಿಮದ್ದೆಂಬುದೇ ಇಲ್ಲ. ದೊಡ್ಡ ಗೋದಾಮುಗಳನ್ನು ಭದ್ರವಾಗಿ ಮುಚ್ಚಿ, ಪರವಾನಗಿಯುಳ್ಳ ತಜ್ಞರು ಉಪಯೋಗಿಸತಕ್ಕ ವಸ್ತು ಅದು, ಮನೆವಾರ್ತೆಗೆ ಸಲ್ಲದು. ಧಾನ್ಯದ ಚೀಲವನ್ನು ಮಲಗುವ ಕೋಣೆಯಲ್ಲಿಟ್ಟುಕೊಂಡು, ಈ ಮಾತ್ರೆಯ ದೆಸೆಯಿಂದ ಮಕ್ಕಳನ್ನು ಕಳೆದುಕೊಂಡ ಸಂಸಾರಗಳು ನಮ್ಮ ದೇಶದಲ್ಲಿ ಉಂಟು. ನಮ್ಮ ಉಗ್ರಾಣಕ್ಕೂ ಚಿಕ್ಕ ಮಕ್ಕಳು ಮಲಗುವ ಹಾಲಿಗೂ ನಡುವೆ ಒಂದೇ ಗೋಡೆಯಿರುವುದನ್ನು ನಮ್ಮ ಬೋರ್ಡಿಂಗಿನಲ್ಲಿ ಇದ್ದವರೆಲ್ಲ ಬಲ್ಲರು. ಮಾತ್ರೆಗಳನ್ನು ಕೊಂಡ ಅಂಗಡಿಗೇ ಹಿಂದಿರುಗಿಸಬೇಕೆಂದು ಕೈಮುಗಿದು ಕೇಳಿಕೊಂಡೆವು. ಆ ಮಹನೀಯರು ಸ್ವಲ್ಪ ಮುನಿಸಿಕೊಂಡರು. ಮುನಿಸು ಹೋಗತಕ್ಕದ್ದು, ಹೋಯಿತು.

ಮಾತ್ರೆ ಬೇಡವೆಂದದ್ದಾಯಿತು, ಬದಲಿಗೆ ಏನು? ಪೂರ್ವದಲ್ಲಿ ಈ ಸೀಮೆಯ ಮನೆಗಳಲ್ಲಿ ಅಕ್ಕಿಯನ್ನು ‘ಮುಡಿ’ ಕಟ್ಟಿ ಇಡುತ್ತಿದ್ದರು. ಒಣಹುಲ್ಲನ್ನು ಹರಡಿ, ನಡುವೆ 42 ಸೇರು ಅಕ್ಕಿಯನ್ನು ಸುರಿದು, ಹುಲ್ಲಿನ ಹಗ್ಗದಿಂದ ಗುಂಡಗೆ ಬಿಗಿದ ಮುಡಿಯೊಳಗೆ ಹುಳುವಿಗೆ ನುಸುಳಲು ಸಂದಿಯೂ ಆಡಲು ಎಡೆಯೂ ಸಿಕ್ಕದು. ಅದನ್ನು ಒಲೆಯ ಮೇಲ್ಗಡೆಯ ಅಟ್ಟದಲ್ಲಿಟ್ಟರೆ ಹೊಗೆಯೂ ಬಿಸುಪೂ ಸೇರಿ ಮಳೆಗಾಲದ ತೇವವನ್ನು ದೂರವಿಡುತ್ತಿದ್ದವು. ಘಟ್ಟದ ಮೇಲೆ ರಾಗಿಯನ್ನು ನೆಲದೊಳಗಿನ ಹಗೇವಿನಲ್ಲಿ ತುಂಬಿ ಮುಚ್ಚುತ್ತಿದ್ದರು. ಒಳಗಿನ ಗಾಳಿಯು ಕೆಟ್ಟು ಹುಳು ಉಸಿರು ಕಟ್ಟಿ ಸಾಯುತ್ತಿತ್ತು. ಐಗುಪ್ತದಲ್ಲಿ ಯೋಸೇಫನು ಏಳು ವರ್ಷದ ಧಾನ್ಯವನ್ನು ಹೇಗೆ ಕಾಪಾಡಿದನೆಂದು ಒಬ್ಬ ಹುಡುಗಿ ನಮ್ಮನ್ನು ಕೇಳಿದಳು. ಆ ನಾಡಿನ ಒಣಹವೆಯೇ ಅವನಿಗೆ ಅರ್ಧ ಸಹಾಯ ಮಾಡಿರಬೇಕು. ಮಂಗಳೂರಿನ ಜುಲೈ ತಿಂಗಳಲ್ಲಾದರೆ ಯೋಸೇಫನೂ ಕಷ್ಟಕ್ಕೆ ಸಿಕ್ಕುತ್ತಿದ್ದನು. ಕಾಳಿನಲ್ಲಿ ತೇವ ಹೆಚ್ಚಿದಷ್ಟೂ ಹುಳುವಿಗೆ ಸುಖ. ಆದಕಾರಣ ಯಾವ ಸೊಪ್ಪನ್ನು ಹಾಕುವುದಕ್ಕೂ ಮುಂಚೆ ಕಾಳನ್ನು ಬಿರುಬಿಸಿಲಿನಲ್ಲಿ ಒಣಗಿಸಿ, ಪೂರ್ತಿ ಆರಿದ ಮೇಲೆ ತುಂಬತಕ್ಕದ್ದು. ಬಿಸಿಯಿರುವಾಗಲೇ ಮುಚ್ಚಿದರೆ ಡಬ್ಬವು ಒಳಗೇ ಬೆವರುತ್ತದೆ.

ಇನ್ನು ಅಡಿಗೆಮನೆಯ ಕಾವಲಿನ ಮಾತು. ಹೆಣ್ಣುಮಕ್ಕಳಿಗೆ ಒಂದು ವಿಷಯವನ್ನು ಹೇಳಿಕೊಡುವುದಕ್ಕಿಂತ ಅವರ ಕೈಯಿಂದಲೇ ಮಾಡಿಸಿ ನೋಡಿಸುವುದು ಮೇಲು. ಆ ವರ್ಷ 9ನೆಯ ತರಗತಿಯ ಮಕ್ಕಳು ಆರು ಗಾಜಿನ ಭರಣಿಗಳಲ್ಲಿ ಒಂದೊಂದು ಕಿಲೋಗ್ರಾಂ ಹೆಸರುಕಾಳನ್ನು ತುಂಬಿ, ಪ್ರತಿಯೊಂದರಲ್ಲಿಯೂ ಹುಳು ಹಿಡಿದ ಹಿಡಿಕಾಳನ್ನು ಬೆರಸಿದರು. ಒಂದಕ್ಕೆ ಏನನ್ನೂ ಹಾಕಲಿಲ್ಲ. ಉಳಿದವುಗಳಲ್ಲಿ ಒಂದಕ್ಕೆ ಒಣಮೆಣಸಿನಕಾಯಿ, ಒಂದಕ್ಕೆ ನೆರಳಿನಲ್ಲಿ ಒಣಗಿಸಿದ ಕಹಿಬೇವಿನ ಸೊಪ್ಪು, ಒಂದಕ್ಕೆ ಲಕ್ಕಿ ಸೊಪ್ಪು, ಒಂದಕ್ಕೆ ಜರಡಿ ಹಿಡಿದ ಒಲೆಯ ಬೂದಿ, ಕಡೆಯದಕ್ಕೆ ಒಂದು ಸಣ್ಣ ಚಮಚ ಹರಳೆಣ್ಣೆ. ಹರಳೆಣ್ಣೆಯನ್ನು ಮಾತ್ರ ಮೊದಲು ಅಂಗೈಗೆ ಸವರಿಕೊಂಡು, ಪ್ರತಿಯೊಂದು ಕಾಳಿಗೂ ತಗಲುವಂತೆ ತಿಕ್ಕಿದರು. ಎರಡು ತಿಂಗಳ ಮೇಲೆ ತೆರೆದು ನೋಡಿದಾಗ ಏನೂ ಹಾಕದ ಭರಣಿಯಲ್ಲಿ ಕಾಳಿಗಿಂತ ಹಿಟ್ಟೇ ಹೆಚ್ಚಾಗಿತ್ತು. ಮೆಣಸಿನಕಾಯಿಯ ಭರಣಿಯು ಅದಕ್ಕಿಂತ ತುಸು ಮಾತ್ರ ಮೇಲು. ಇದರಿಂದ ಎಷ್ಟೋ ಅಜ್ಜಿಯಂದಿರಿಗೆ ವ್ಯಸನವಾಗಬಹುದು. ನಮ್ಮ ಅಡಿಗೆಯವರಂತೂ ಇದನ್ನು ಈಗಲೂ ಒಪ್ಪಿಕೊಂಡಿಲ್ಲ. ಬೇವಿನ ಮತ್ತು ಲಕ್ಕಿಯ ಭರಣಿಗಳಲ್ಲಿ ಹುಳುಗಳಿದ್ದವು, ಆದರೆ ಕಡಿಮೆ. ಬೂದಿಯದೂ ಹರಳೆಣ್ಣೆಯದೂ ಕಾಳು ಮಾತ್ರ ತುಂಬಿದ ದಿನದಂತೆಯೇ ಇತ್ತು.

ಇದಕ್ಕೆ ಕಾರಣ ಸರಳವಾದದ್ದು. ಹೆಸರು, ಅಲಸಂದೆ, ಕಡಲೆಗಳನ್ನು ಕೆಡಿಸುವ ಹುಳು ಕಾಳಿನ ಮೈಮೇಲೆಯೇ ಬಿಳಿಯ ಚುಕ್ಕೆಯಂಥ ಮೊಟ್ಟೆಯನ್ನು ಅಂಟಿಸುವುದು. ಮರಿಯು ಅಲ್ಲಿಂದಲೇ ಒಳಕ್ಕೆ ಕೊರೆಯುವುದು. ಎಣ್ಣೆಯ ತೆಳುವಾದ ಪೊರೆಯು ಆ ಮೊಟ್ಟೆಗೆ ಗಾಳಿಯಾಡದಂತೆ ಮಾಡುತ್ತದೆ. ಬೂದಿಯ ನಯವಾದ ಹುಡಿಯಾದರೋ ಹುಳುವಿನ ಮೈಮೇಲಿನ ಮೇಣದ ಪದರವನ್ನು ಕೆರೆದು, ಅದರ ಮೈಯ ನೀರು ಆರಿಹೋಗುವಂತೆ ಮಾಡುತ್ತದೆ. ಘಟ್ಟದ ಮೇಲಿನ ಒಕ್ಕಲುಮನೆಗಳಲ್ಲಿ ತೊಗರಿಗೆ ಕೆಮ್ಮಣ್ಣು ಕಟ್ಟುವ ವಾಡಿಕೆಯಲ್ಲಿಯೂ ಇಂಥದೇ ವಿವೇಕವಿದೆ. ಇವು ಯಾವುವೂ ವಾಸನೆಯಿಂದ ಹುಳುವನ್ನು ಓಡಿಸುವ ಮದ್ದುಗಳಲ್ಲ. ಘಮಘಮಿಸುವುದೆಲ್ಲ ಹುಳುವನ್ನು ಹೆದರಿಸುವುದೆಂಬ ಭ್ರಾಂತಿ ನಮ್ಮಲ್ಲಿ ಬಹಳವಾಗಿದೆ.

ಬೇವಿನ ವಿಷಯವಾಗಿ ಎರಡು ಮಾತು. ನಮ್ಮ ಕರಾವಳಿಯ ಮಳೆಗೆ ಕಹಿಬೇವಿನ ಮರ ಚೆನ್ನಾಗಿ ಬಾರದು. ಬಯಲುಸೀಮೆಯ ಮಕ್ಕಳು ದಸರಾ ರಜೆಯಿಂದ ಬರುವಾಗ ಒಣಗಿಸಿದ ಸೊಪ್ಪನ್ನು ಚೀಲದಲ್ಲಿ ತುಂಬಿ ತರುತ್ತಾರೆ. ಬೇವಿನ ಸತ್ತ್ವವು ಎಲೆಗಿಂತ ಬೀಜದಲ್ಲಿ ಹೆಚ್ಚು. ಅದರಲ್ಲಿರುವ ಅಜಾಡಿರಾಕ್ಟಿನ್ ಎಂಬ ಪದಾರ್ಥವನ್ನು ಇಂಗ್ಲೆಂಡಿನ ರಸಾಯನಶಾಸ್ತ್ರಜ್ಞರು 1968ರಲ್ಲಿ ಬೇರ್ಪಡಿಸಿದರು. ಅದು ಹುಳುವಿಗೆ ಮೇವು ಸೇರದಂತೆ ಮಾಡುವುದು. ಅದು ಪೊರೆ ಬಿಟ್ಟು ಬೆಳೆಯುವುದನ್ನೂ ಕೆಡಿಸುವುದು. ಬೇವಿನೆಣ್ಣೆಯಿಂದ ಗಿಡಗಳ ಬೂಷ್ಟನ್ನು ತಡೆಯುವ ವಿಧಾನವು ತಮ್ಮದೇ ಹೊಸ ಶೋಧವೆಂದು ಅಮೇರಿಕದ ಕೃಷಿ ಇಲಾಖೆಯೂ ಅಲ್ಲಿಯ ಒಂದು ಕಂಪೆನಿಯೂ ಸೇರಿ 1994ರಲ್ಲಿ ಯುರೋಪಿನಲ್ಲಿ ಪೇಟೆಂಟು ಪಡೆದಿದ್ದವು. ನಮ್ಮ ದೇಶದ ವಂದನಾ ಶಿವ ಅವರೂ ಯುರೋಪಿನ ಇಬ್ಬರು ಮಹಿಳೆಯರೂ ಮುಂದೆ ನಿಂತು ಹೋರಾಡಿದ್ದರಿಂದ ಆ ಪೇಟೆಂಟು 2000ದಲ್ಲಿ ರದ್ದಾಯಿತು. 2005ರಲ್ಲಿ ಅಪೀಲೂ ಬಿದ್ದುಹೋಯಿತು. ಅಡಿಗೆಮನೆಯ ಅರಿವು ಪುಸ್ತಕದಲ್ಲಿ ಬರೆದಿಲ್ಲವೆಂದು ಅದನ್ನು ಅಲ್ಪವೆಂದು ಎಣಿಸುವ ನಮ್ಮ ಹುಡುಗಿಯರಿಗೆ ನಾವು ಈ ವೃತ್ತಾಂತವನ್ನು ತಪ್ಪದೆ ಹೇಳುವುದುಂಟು.

ಬಟ್ಟೆ ಪುಸ್ತಕಗಳ ವಿಷಯದಲ್ಲಿ ವಿಸ್ತಾರವು ಬೇಕಿಲ್ಲ. ನಮ್ಮ ಪುಸ್ತಕಭಂಡಾರದಲ್ಲಿರುವ ಕಿಟ್ಟೆಲ್ ಪಂಡಿತರ 1894ರ ಶಬ್ದಕೋಶವನ್ನು ಬಜೆಯ ತುಂಡುಗಳ ಗಂಟಿನೊಡನೆ ಇಟ್ಟಿರುವೆವು. ಮಳೆ ಹಿಂದೆಗೆದೊಡನೆ ಪುಸ್ತಕಗಳನ್ನು ತೆಗೆದು, ಗಾಳಿಯಾಡುವ ಜಗಲಿಯಲ್ಲಿ ಒಂದೊಂದಾಗಿ ಬಿಡಿಸಿ ಇಡುವುದು ಬಜೆಗಿಂತಲೂ ಮುಖ್ಯವಾದ ಕೆಲಸ. ಗೆದ್ದಲು ಹತ್ತುವ ಮರಕ್ಕೆ ಗೇರುಬೀಜದ ಸಿಪ್ಪೆಯಿಂದ ತೆಗೆದ ಎಣ್ಣೆಯನ್ನು ಬಳಿಯುವುದು ನಮ್ಮ ಊರಿನ ಹಳೆಯ ಪದ್ಧತಿ, ಒಳ್ಳೆಯ ಪದ್ಧತಿ. ಆದರೆ ಆ ಎಣ್ಣೆಯು ತಗುಲಿದ ಚರ್ಮವು ಸುಟ್ಟಂತೆ ಬೊಬ್ಬೆಯೇಳುವುದರಿಂದ ಮಕ್ಕಳ ಕೈಗೆ ಅದನ್ನು ಕೊಡಬಾರದು.

ಚಿಕ್ಕ ಮಕ್ಕಳ ತಾಯಂದಿರಾದ ನಮ್ಮ ಹಳೆಯ ವಿದ್ಯಾರ್ಥಿನಿಯರು ಇಲ್ಲಿ ಸ್ವಲ್ಪ ನಿಂತು ಓದಬೇಕು. ಚೊಚ್ಚಲ ಮಗುವಿಗೆಂದು ಅಜ್ಜಿಯು ಪೆಟ್ಟಿಗೆಯಲ್ಲಿಟ್ಟ ಹಳೆಯ ಉಣ್ಣೆಯಂಗಿಯನ್ನು ಹೊರತೆಗೆದು ಹಾಗೆಯೇ ತೊಡಿಸುವುದುಂಟು. ಆ ಪೆಟ್ಟಿಗೆಯಲ್ಲಿ ನ್ಯಾಫ್ತಲೀನ್ ಗುಳಿಗೆಗಳಿದ್ದರೆ ಅದರ ಆವಿಯು ಬಟ್ಟೆಯಲ್ಲಿ ಸೇರಿರುತ್ತದೆ. ಹುಟ್ಟಿನಿಂದಲೇ ರಕ್ತದಲ್ಲಿ ಜಿ6ಪಿಡಿ ಎಂಬ ಒಂದು ಅಂಶದ ಕೊರತೆಯುಳ್ಳ ಶಿಶುಗಳಿಗೆ ಅದರಿಂದ ರಕ್ತಕಣಗಳು ಒಡೆದು ಕಡುಕಾಮಾಲೆಯಾಗುವುದು. ಸರಿ, ಗುಳಿಗೆಯನ್ನು ಬಿಟ್ಟು ಬಜೆಯನ್ನೇ ಇಡೋಣವೆಂದರೆ, ಇಡಬಹುದು. ಆದರೆ ಅದೇ ಬಜೆಯನ್ನು ತೇಯ್ದು ಹಸುಗೂಸಿಗೆ ನೆಕ್ಕಿಸುವ ಪದ್ಧತಿಯನ್ನು ನಾವು ಒಪ್ಪಲಾರೆವು. ಹುಳುವನ್ನು ದೂರವಿಡುವ ಅದರ ಅಸರೋನ್ ಎಂಬ ಸತ್ತ್ವವು ಪ್ರಾಣಿಗಳಲ್ಲಿ ಅರ್ಬುದವನ್ನು ಉಂಟುಮಾಡುವುದೆಂದು ಕಂಡುಬಂದುದರಿಂದ, ಅಮೇರಿಕದಲ್ಲಿ 1968ರಿಂದ ಬಜೆಯನ್ನು ಆಹಾರದಲ್ಲಿ ಸೇರಿಸಕೂಡದೆಂದು ನಿಷೇಧಿಸಿರುವರು. ಕರ್ಪೂರವೂ ಹಾಗೆಯೇ, ಮಗುವು ಒಂದು ತುಂಡನ್ನು ನುಂಗಿದರೆ ಸೆಳವು ಬರುವುದು. ಗಿಡದಿಂದ ಬಂದದ್ದೆಲ್ಲ ಸಾಧುವೆಂದು ತಿಳಿಯುವವರು ಹೊಗೆಸೊಪ್ಪಿನ ಕಷಾಯವನ್ನೊಮ್ಮೆ ನೆನೆಯಬೇಕು. ಗಿಡದ ಹೇನುಗಳನ್ನು ಕೊಲ್ಲುವ ಅದರ ನಿಕೋಟಿನ್ ಮನುಷ್ಯನನ್ನೂ ಕೊಲ್ಲಬಲ್ಲದು.

ತಲೆಯ ಹೇನಿನ ಮಾತೂ ಇದಕ್ಕೆ ಸೇರಿದ್ದು. ಸೀತಾಫಲದ ಬೀಜದ ಪುಡಿಯು ಹೇನನ್ನು ಕೊಲ್ಲುವುದು ದಿಟ. ಆದರೆ ತಲೆ ತೊಳೆಯುವಾಗ ಅದರ ನೀರು ಕಣ್ಣಿಗಿಳಿದರೆ ಕಣ್ಣಿನ ಕರಿಗುಡ್ಡೆಯ ಮೇಲಿನ ಪೊರೆಯು ಹುಣ್ಣಾಗುತ್ತದೆ. ಇಂಥ ರೋಗಿಗಳು ಕಣ್ಣಿನ ವೈದ್ಯರಲ್ಲಿಗೆ ಬರುವುದುಂಟು. ಹೇನು ಹೋಗಲೆಂದು ಹುಡುಗಿಯ ದೃಷ್ಟಿಯನ್ನು ಪಣಕ್ಕಿಡುವುದೇ? ನಮ್ಮ ಬೋರ್ಡಿಂಗಿನಲ್ಲಿ ಈ ಪುಡಿಗೆ ಪ್ರವೇಶವಿಲ್ಲ. ತಲೆಗೆ ಧಾರಾಳವಾಗಿ ತೆಂಗಿನೆಣ್ಣೆ ಹಚ್ಚಿ, ಸೀರಣಿಗೆಯಿಂದ ಮೂರು ದಿನಕ್ಕೊಮ್ಮೆ, ಎರಡು ವಾರಗಳ ವರೆಗೆ ಬಾಚತಕ್ಕದ್ದು. ಶನಿವಾರದ ಸಂಜೆ ದೊಡ್ಡ ಹುಡುಗಿಯರು ಚಿಕ್ಕವರ ತಲೆ ಬಾಚುತ್ತ ಕೂಡುವ ಆ ಸಾಲು ನಿಮಗೆಲ್ಲ ನೆನಪಿರಬೇಕು. ಅಲ್ಲಿ ಹೇನಿಗಿಂತ ಹೆಚ್ಚಾಗಿ ಸುದ್ದಿಗಳು ಹೊರಬೀಳುತ್ತಿದ್ದವು.

ಈಗ ಸೊಳ್ಳೆಯ ವಿಷಯಕ್ಕೆ ಬರುವೆವು. 1897ರ ಆಗಸ್ಟ್ 20ರಂದು ಸಿಕಂದರಾಬಾದಿನಲ್ಲಿ ರೊನಾಲ್ಡ್ ರಾಸರು ಸೊಳ್ಳೆಯ ಹೊಟ್ಟೆಯಲ್ಲಿ ಮಲೇರಿಯದ ಜೀವಿಯನ್ನು ಕಂಡ ದಿನದಿಂದ, ಈ ಪ್ರಾಣಿಯು ಬರಿಯ ಕಿರುಕುಳವಲ್ಲ, ರೋಗವಾಹಕವೆಂದು ಲೋಕಕ್ಕೆ ತಿಳಿಯಿತು. ಮಂಗಳೂರಿನಲ್ಲಿ 1990ರ ದಶಕದಿಂದ ಕಟ್ಟಡಗಳು ಒಂದೇ ಸಮನೆ ಏಳತೊಡಗಿದಾಗ, ಅಲ್ಲಲ್ಲಿ ನಿಂತ ನೀರಿನೊಡನೆ ಮಲೇರಿಯವೂ ಏಳತೊಡಗಿದ್ದನ್ನು ಅಲ್ಲಿದ್ದವರೆಲ್ಲ ಅನುಭವಿಸಿರುವರು.

ನಮ್ಮ ಹಳೆಯ ವಿದ್ಯಾರ್ಥಿನಿಯೊಬ್ಬಳ ಮಗಳೇ ನಮ್ಮಲ್ಲಿ 10ನೆಯ ತರಗತಿಯಲ್ಲಿ ಓದುತ್ತಿದ್ದಳು. ಹೆಸರು ಬೇಡ, ಬರೆಯುವುದಕ್ಕೆ ತಾಯಿಯು ಅಪ್ಪಣೆ ಕೊಟ್ಟಿರುವಳು. ಬಲು ಅಚ್ಚುಕಟ್ಟಾದ ಸಂಸಾರ. ಅಂಗಳದಲ್ಲಿ ತುಲಸಿಯೂ ಮಜ್ಜಿಗೆಹುಲ್ಲೂ ಬೆಳೆದಿದ್ದವು. ದಿನವೂ ದೀಪ ಹಚ್ಚುವ ಹೊತ್ತಿಗೆ ಬೇವು, ಲಕ್ಕಿಸೊಪ್ಪುಗಳ ಹೊಗೆಯನ್ನು ಮನೆಯೆಲ್ಲ ಆಡಿಸುವರು. ಆದುದರಿಂದ ಸೊಳ್ಳೆಪರದೆ ಬೇಡವೆಂದು ಎಣಿಸಿದ್ದರು. ಹುಡುಗಿಗೆ ಚಳಿಜ್ವರ ಬಂದಾಗಲೂ, ನಮ್ಮ ಮನೆಗೆ ಸೊಳ್ಳೆಯೇ ಬಾರದಲ್ಲವೇ, ಇದು ಮಲೇರಿಯವಾಗಲಾರದೆಂದು ಕಷಾಯದಲ್ಲಿಯೇ ಎಂಟು ದಿನ ಕಳೆದವು. ರಕ್ತಪರೀಕ್ಷೆಯಾದಾಗ ಜ್ವರದ ಹೆಸರು ತಿಳಿಯಿತು. ಅಷ್ಟರಲ್ಲಿ ಮಗುವು ಎದ್ದು ನಿಲ್ಲಲಾರದೆ ಇದ್ದಳು. ಸೊಳ್ಳೆ ಹುಟ್ಟುತ್ತಿದ್ದದ್ದು ದೂರದಲ್ಲಿ ಅಲ್ಲ. ಅವರದೇ ತಾರಸಿಯ ಮೇಲಿನ, ಮುಚ್ಚಳ ಒಡೆದ ನೀರಿನ ತೊಟ್ಟಿಯಲ್ಲಿ. ದೇವರ ಕೃಪೆಯಿಂದ ಹುಡುಗಿಯು ಗುಣಹೊಂದಿದಳು. 14 ದಿನಗಳ ಮಾತ್ರೆಯನ್ನು ಒಂದನ್ನೂ ಬಿಡದೆ ನುಂಗಿಸಬೇಕೆಂದು ನಾವು ದಿನವೂ ವಿಚಾರಿಸುತ್ತಿದ್ದೆವು. ನಡುವೆ ನಿಲ್ಲಿಸಿದರೆ ಯಕೃತ್ತಿನಲ್ಲಿ ಅಡಗಿದ ಬೀಜವು ತಿಂಗಳುಗಳ ಮೇಲೆ ಮರಳಿ ಏಳುವಂಥ ಮಲೇರಿಯ ಅದು.

ಆ ಅಂಗಳದ ಗಿಡಗಳು ಏಕೆ ಕಾಯಲಿಲ್ಲ? ಗಿಡವು ತನ್ನಷ್ಟಕ್ಕೆ ನಿಂತಿರುವಾಗ ಅದರ ಎಣ್ಣೆಯು ಎಲೆಯೊಳಗೇ ಇರುತ್ತದೆ. ಎಲೆಯನ್ನು ಹಿಸುಕಿದಾಗ ಮಾತ್ರ ಗಾಳಿಗೆ ಬರುವುದು, ಬಂದದ್ದು ಬೇಗನೆ ಹಾರಿಹೋಗುವುದು. ಮೈಗೆ ಹಚ್ಚುವ ಸೊಳ್ಳೆಮದ್ದುಗಳನ್ನು ಹೋಲಿಸಿ ಅಮೇರಿಕದ ಒಂದು ಪ್ರಸಿದ್ಧ ವೈದ್ಯಪತ್ರಿಕೆಯಲ್ಲಿ 2002ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ, ಸೋಯಾ ಎಣ್ಣೆಯ ಒಂದು ಲೇಪವು ಒಂದೂವರೆ ಗಂಟೆ ಕಾಯಿತು. ಸಿಟ್ರೊನೆಲ್ಲ ಮೊದಲಾದ ಉಳಿದ ಸಸ್ಯತೈಲದ ಲೇಪಗಳು ಸರಾಸರಿ 20 ನಿಮಿಷವೂ ಕಾಯಲಿಲ್ಲ. ಡೀಟ್ ಎಂಬ ಮದ್ದನ್ನು ನೂರಕ್ಕೆ 24ರಷ್ಟು ಬೆರಸಿದ ಲೇಪವು ಐದು ಗಂಟೆ ಕಾಯಿತು. ಸಂಜೆಯ ಪ್ರಾರ್ಥನೆ ಮುಗಿಯುವಷ್ಟು ಹೊತ್ತು ಮಜ್ಜಿಗೆಹುಲ್ಲಿನ ಎಣ್ಣೆಯು ನಮ್ಮನ್ನು ಕಾದೀತು. ಮಲೇರಿಯದ ಸೊಳ್ಳೆಯು ಕಚ್ಚುವುದು ರಾತ್ರಿ ನಾವು ನಿದ್ದೆಹೋದ ಮೇಲೆ. ಹೊಗೆಯೂ ಹಾಗೆಯೇ: ಹೊಗೆಯಾಡುವ ತನಕ ಸೊಳ್ಳೆ ಹಿಂದೆಗೆಯುವುದು, ಆರಿದೊಡನೆ ಮರಳುವುದು. ನಡುವೆ ದಮ್ಮಿರುವ ಮಗುವಿನ ಎದೆಗೆ ಆ ಹೊಗೆಯು ತುಂಬುವುದು. ಅಂಗಡಿಯ ಸುರುಳಿಬತ್ತಿಯನ್ನು ನಾವು ಇದಕ್ಕಿಂತ ಮೇಲೆನ್ನುವುದಿಲ್ಲ. ಒಂದು ಬತ್ತಿಯು ಉರಿದು ಮುಗಿಯುವಾಗ 75ಕ್ಕೂ ಹೆಚ್ಚು ಸಿಗರೇಟುಗಳಷ್ಟು ಸೂಕ್ಷ್ಮವಾದ ಮಸಿಯನ್ನು ಬಿಡುವುದೆಂದು 2003ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಕಂಡುಬಂದಿತು.

ಆದಕಾರಣ ನಮ್ಮ ಶಾಲೆಯಲ್ಲಿ ಸೊಳ್ಳೆಗೆ ಅಡಿಗೆಮನೆಯ ಮದ್ದನ್ನು ನೆಚ್ಚಿಕೊಂಡಿಲ್ಲ. ಪ್ರತಿಯೊಂದು ಮಂಚಕ್ಕೂ ಪರದೆಯುಂಟು. ಶನಿವಾರ ಬೆಳಿಗ್ಗೆ ಹೂಕುಂಡದ ತಟ್ಟೆ, ತೆಂಗಿನ ಚಿಪ್ಪು, ಶೀತಪೆಟ್ಟಿಗೆಯ ಹಿಂದಿನ ತಟ್ಟೆ, ಎಲ್ಲದರ ನೀರನ್ನೂ ಚೆಲ್ಲುವೆವು. ನಮ್ಮ ಸೆಕೆಯಲ್ಲಿ ಮೊಟ್ಟೆಯು ರೆಕ್ಕೆಯ ಸೊಳ್ಳೆಯಾಗುವುದಕ್ಕೆ ಏಳರಿಂದ ಹತ್ತು ದಿನಗಳು ಸಾಕು. ವಾರಕ್ಕೊಮ್ಮೆಯ ನಿಯಮವು ಹುಟ್ಟಿದ್ದು ಈ ಲೆಕ್ಕದಿಂದ. ಚೆಲ್ಲಿದರಷ್ಟೇ ಸಾಲದು, ಪಾತ್ರೆಯ ಒಳಬದಿಯನ್ನು ತಿಕ್ಕಿ ತೊಳೆಯಬೇಕು. ಡೆಂಗಿಯನ್ನು ತರುವ ಪಟ್ಟೆಸೊಳ್ಳೆಯ ಮೊಟ್ಟೆಗಳು ಪಾತ್ರೆಯ ಗೋಡೆಗೆ ಅಂಟಿ, ಒಣಗಿಯೂ ತಿಂಗಳುಗಟ್ಟಲೆ ಬದುಕಿರುತ್ತವೆ. ಅದು ಕಚ್ಚುವುದು ಹಗಲಿನಲ್ಲಾದುದರಿಂದ, ಮಧ್ಯಾಹ್ನ ತೊಟ್ಟಿಲಲ್ಲಿ ಮಲಗುವ ಕೂಸಿಗೂ ಪರದೆಯು ಬೇಕು. ಜ್ವರವೇನಾದರೂ ಬಂದರೆ ಕಷಾಯ ಕುದಿಯುವುದರೊಳಗೆ ರಕ್ತಪರೀಕ್ಷೆಗೆ ನಡೆಯಿರಿ. ಸರಕಾರದ ಆರೋಗ್ಯ ಕೇಂದ್ರಗಳಲ್ಲಿ ಮಲೇರಿಯದ ಪರೀಕ್ಷೆಗೆ ಹಣ ಕೇಳುವುದಿಲ್ಲ.

ಮೇಲೆ ಹೇಳಿದ ಆರು ಭರಣಿಗಳ ಪ್ರಯೋಗವನ್ನು ಈ ವರ್ಷದ ಮಕ್ಕಳು ತೊಗರಿಯಲ್ಲಿ ಮತ್ತೆ ಮಾಡಿ, ವಿಜ್ಞಾನದ ಕೋಣೆಯ ಮೇಜಿನ ಮೇಲೆ ಹೆಸರುಚೀಟಿ ಅಂಟಿಸಿ ಇಟ್ಟಿರುವರು. ಹಳೆಯ ವಿದ್ಯಾರ್ಥಿನಿಯರ ಸಮ್ಮೇಳನದ ದಿನ ಅವುಗಳನ್ನು ನೋಡಬಹುದು. ಮೆಣಸಿನಕಾಯಿಯ ಭರಣಿಯ ಪಕ್ಕದಲ್ಲಿ ನಮ್ಮ ಅಡಿಗೆಯವರೇ ನಿಂತಿರುವರು, ಅವರೊಡನೆ ವಾದಕ್ಕೆ ಇಳಿಯುವವರು ಸಾಕಷ್ಟು ಹೊತ್ತು ಇಟ್ಟುಕೊಂಡು ಬರಬೇಕು. ಬಾವಿಯ ಬಳಿಯ ಪಾತಿಯಲ್ಲಿ ಬಜೆಯೂ ಬೇಲಿಯ ಗುಂಟ ಲಕ್ಕಿಯೂ ಹುಲುಸಾಗಿ ಬೆಳೆದಿವೆ. ಬೇಕಾದವರು ಬಜೆಯ ಗೆಡ್ಡೆಯನ್ನೂ ಲಕ್ಕಿಯ ಕೊಂಬೆಯನ್ನೂ ಕೇಳಿ ತೆಗೆದುಕೊಂಡು ಹೋಗಬಹುದು. ಬಜೆಯನ್ನು ಸದಾ ಕೆಸರಿರುವ ಕಡೆ ನೆಡಿರಿ, ಒಣನೆಲದಲ್ಲಿ ಅದು ಬಾಳದು.